ಅರವತ್ತಾರು ತುಂಡು

ಹುಟ್ಟುಹಬ್ಬದವನು ಬಾಗಿಲಿಗೆ ಮುಖಮಾಡಿ ಕೂರಬೇಕು ಎಂಬ ಪದ್ಧತಿ ಮಾಡಿದವರು ಯಾರೋ, ಬಾವ್‌ಗೆನ್ ಈ ಸಂಜೆ ಅವರಿಗೆ ಮನಸ್ಸಿನಲ್ಲೇ ಕೈಮುಗಿದ. ಬೇರೆಲ್ಲೇ ಕೂತಿದ್ದರೂ ಹತ್ತು ಸಲ ಕತ್ತು ತಿರುಗಿಸಬೇಕಾಗುತ್ತಿತ್ತು, ಹತ್ತು ಸಲವೂ ಹೆಂಡತಿ ಫೆಂಗ್‌ದಿ ಅವನ ಕತ್ತಿನ ಜೊತೆಗೇ ತನ್ನ ಕತ್ತನ್ನೂ ತಿರುಗಿಸುತ್ತಿದ್ದಳು. ಈಗ ಎದುರಿಗೆ ಕೂತ ಷಡ್ಡಕನ ಬೋಳುತಲೆಯ ಮೇಲಿಂದ ಬಾಗಿಲು ನೇರವಾಗಿ ಕಾಣುತ್ತದೆ. ಬಾಗಿಲನ್ನೇ ನೋಡುತ್ತಿದ್ದರೂ ಷಡ್ಡಕನ ಮಾತಿಗೆ ಕಿವಿಗೊಟ್ಟ ಹಾಗೆ ಕಾಣುತ್ತದೆ. ಹೋಟೆಲಿನ ಈ ಮಹಡಿಯ ಕೋಣೆಗೆ ಮರದ ಬಾಗಿಲು, ಅದರ ಮೇಲರ್ಧ ಗಾಜು. ಮೆಟ್ಟಿಲು ಹತ್ತಿ ಬಂದವರ ತಲೆ ಮೊದಲು ಆ ಗಾಜಿನಲ್ಲಿ ಮೂಡುತ್ತದೆ. ಒಂದು ತಲೆ ಮೂಡಿತು, ಬಾವ್‌ಗೆನ್ ಕುರ್ಚಿಯಲ್ಲಿ ನೆಟ್ಟಗಾದ, ಬಡಿಸುವ ಹೆಂಗಸು ಸೊಂಟದಿಂದ ಬಾಗಿಲು ತಳ್ಳಿಕೊಂಡು ಬಂದು ತಣ್ಣನೆಯ ತಿನಿಸುಗಳನ್ನು ಇಟ್ಟು ಹೋದಳು. ಸಿಹಿ ಸೋಯಾದಲ್ಲಿ ನೆನೆದ ಕರಿದ ಮೀನು, ಮದ್ಯದಲ್ಲಿ ನೆನೆದ ಕೋಳಿ, ಸಣ್ಣಗೆ ಕೊಚ್ಚಿದ ಎಳೆಸೊಪ್ಪು. ಐದೂವರೆ ದಾಟಿ ಹತ್ತು ನಿಮಿಷವಾಗಿತ್ತು. ಬಂದೇ ಬರುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಬರುವುದಿಲ್ಲ ಎಂದೂ ಹೇಳಿಕೊಂಡ. ಎರಡನ್ನೂ ಹೇಳಿಕೊಂಡಿದ್ದರೆ ಯಾವುದಾದರೂ ಒಂದಕ್ಕಂತೂ ಮನಸ್ಸು ತಯಾರಾಗಿರುತ್ತದಲ್ಲ.

“ಇದೊಂದು ಕುರ್ಚಿ ಹೆಚ್ಚಿಗೆ ಯಾಕೆ?” ಎಂದು ನಾದಿನಿ ಕೇಳಿದಳು. ಫೆಂಗ್‌ದಿಯ ತಂಗಿ ಅವಳು, ಎಲ್ಲಿ ಹೋದರೂ ಮೊದಲು ಎಣಿಸುವವಳು.

“ನಾನೇ ಹಾಕಿಸಿದೆ. ಇರಲಿ ಅಂತ,” ಎಂದ ಬಾವ್‌ಗೆನ್.

“ಇರಲಿ ಅಂದ್ರೆ? ಬೀದೀಲಿ ಹೋಗೋರನ್ನ ಕರೆದು ಕೂರಿಸ್ತೀಯಾ?” ಎಂದಳು ಫೆಂಗ್‌ದಿ. “ಮುದುಕನಿಗೆ ಅರವತ್ತಾರು ಬಂದಿದ್ದೇ ಬಂದಿದ್ದು, ಮನೇಲಿ ಎಷ್ಟು ಜನ ಅನ್ನೋದೂ ಮರೆತುಹೋಯ್ತು ನೋಡಿ.”

“ಯಮರಾಯನಿಗೆ ಇಟ್ಟಿರಬೇಕು ಬಿಡಿ,” ಎಂದ ಷಡ್ಡಕ ಚಿನ್, ಬಿಸಿ ಅಕ್ಕಿಮದ್ಯವನ್ನು ಬಟ್ಟಲಿಗೆ ಬಗ್ಗಿಸುತ್ತ. “ಅರವತ್ತಾರಕ್ಕೆ ಮಾಂಸ ಕೇಳ್ಕೊಂಡು ಬರೋನು ಅವನೇ ತಾನೆ? ಬಂದೋನನ್ನ ನಿಲ್ಲಿಸಿ ಮಾತಾಡ್ಸೋಕಾಗುತ್ತಾ? ಅಣ್ಣ ದೊಡ್ಡ ಮನುಷ್ಯ.”

“ಥೂ, ಹುಟ್ಟಿದ ದಿನಾನಾದ್ರೂ ನಿಮ್ಮ ಬಾಯಲ್ಲಿ ಒಳ್ಳೆ ಮಾತು ಬರಲ್ವಾ?” ನಾದಿನಿ ಗಂಡನ ಮೊಣಕೈಗೆ ಗುದ್ದಿದಳು. ಎಲ್ಲರೂ ನಕ್ಕರು. ಬಾವ್‌ಗೆನ್‌ನ ಮಗ ಜುನ್ ಫೋನಿನಿಂದ ಕಣ್ಣೆತ್ತದೆಯೇ ನಕ್ಕ. ಖಾಲಿ ಕುರ್ಚಿಯ ಬೆನ್ನಿಗೆ ನಾದಿನಿ ತನ್ನ ಕೋಟು ನೇತುಹಾಕಿದಳು, ಅದರ ಮೇಲೆ ಕೈಚೀಲವನ್ನೂ ಇಟ್ಟಳು. ತೆಗೆಯಮ್ಮ ಅಂತ ಹೇಳಬೇಕು ಎಂದು ಬಾವ್‌ಗೆನ್‌ಗೆ ಅನ್ನಿಸಿತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ.

ಅರವತ್ತಾರು ಗಂಡಾಂತರದ ವರ್ಷ. ಹೊಟ್ಟೆಯಲ್ಲಿದ್ದ ವರ್ಷವನ್ನೂ ಸೇರಿಸಿ ಎಣಿಸುವ ಅರವತ್ತಾರು. ಮಗಳು ತಾನೇ ಪೇಟೆಗೆ ಹೋಗಿ ಹಂದಿಮಾಂಸ ತಂದು, ಅರವತ್ತಾರು ತುಂಡು ಹೆಚ್ಚಿ, ಸೋಯಾ ಸಕ್ಕರೆ ಹಾಕಿ ಬೇಯಿಸಿ ಅಪ್ಪನಿಗೆ ಕೈಯಾರೆ ಕೊಡಬೇಕು. ಅವನು ಯಾರಿಗೂ ಹಂಚದೆ, ಒಂದೂ ಬಿಡದೆ ತಿನ್ನಬೇಕು. ತಿಂದರೆ ದಾಟಿದ ಹಾಗೆ. ಬಾವ್‌ಗೆನ್ ಇಂಥದ್ದನ್ನೆಲ್ಲ ನಂಬಿದವನಲ್ಲ. ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೂದಲೆಳೆಯಷ್ಟು ಸ್ಪ್ರಿಂಗುಗಳನ್ನು ಚಿಮಟದಲ್ಲಿ ಹಿಡಿದವನು, ಯಮನಿಗೆ ಹಂದಿಮಾಂಸದ ಲಂಚ ಕೊಡುವ ಮಾತು ಕೇಳಿದರೆ ಮೊದಲೆಲ್ಲ ನಗುತ್ತಿದ್ದ. ಆದರೆ ಹೋದ ಚಳಿಗಾಲದಿಂದ, ಬೆಳಗಿನ ಗಂಜಿ ಕುಡಿಯುವಾಗ, ಬಸ್ಸಿನಲ್ಲಿ ಕೂತಾಗ, ಅರವತ್ತಾರು ಅರವತ್ತಾರು ಎಂದು ಒಳಗೊಳಗೇ ಎಣಿಸಲು ಶುರುಮಾಡಿದ್ದ. ಸಾಯುವ ಭಯವೇನಲ್ಲ ಅದು. ಈ ಒಂದು ವರ್ಷ, ಈ ಒಂದು ದಿನ, ಊರಿಗೆ ಊರೇ ಒಪ್ಪಿಕೊಂಡ ಒಂದು ನೆಪ ಕೈಯಲ್ಲಿದೆ. ಮೂವತ್ತಮೂರು ವರ್ಷ ಮಾತಾಡಿಸದ ಮಗಳನ್ನು ‘ಬಾ’ ಎನ್ನಲು ಬೇರೆ ನೆಪವೇ ಬೇಡ. ಈ ದಿನ ತಪ್ಪಿದರೆ ಇನ್ನು ಯಾವ ಮುಖ ಇಟ್ಟುಕೊಂಡು ಕರೆಯುವುದು?

ಯುನ್‌ಯುನ್ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ನಾದಿನಿಯ ಮಗಳು, ಇಪ್ಪತ್ತಾರು ವರ್ಷದ ಒಳ್ಳೆಯ ಹುಡುಗಿ. ಎಡಗೈಯ ತೋರುಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಳು. “ದೊಡ್ಡಪ್ಪಾ, ಅರವತ್ತಾರೂ ಒಂದೇ ಅಳತೆ ಬರಬೇಕು ಅಂತ ಹೋಗಿ ಬೆರಳನ್ನೇ ಅರವತ್ತೇಳನೇ ತುಂಡು ಮಾಡ್ಕೊಂಡಿದ್ದೆ,” ಎಂದು ನಕ್ಕಳು. ಬಡಿಸುವ ಹೆಂಗಸು ಡಬ್ಬಿ ಕೈಗೆತ್ತಿಕೊಂಡು, “ಬಿಸಿ ಮಾಡ್ಕೊಂಡು ಬರ್ಲಾ? ನಿಮ್ಮ ಮಗಳಾ ಮಾಡಿದ್ದು?” ಎಂದು ಬಾವ್‌ಗೆನ್‌ನನ್ನೇ ಕೇಳಿದಳು.

“ಮಗಳಿಲ್ಲಮ್ಮ ನಮಗೆ,” ಎಂದಳು ಫೆಂಗ್‌ದಿ. “ಇರೋನು ಇವನೊಬ್ಬ ಮಗ, ಇವನಿಗೆ ಚಾಕು ಯಾವ ಕಡೆ ಹಿಡೀಬೇಕು ಅನ್ನೋದೂ ಗೊತ್ತಿಲ್ಲ. ಇವಳು ನನ್ನ ತಂಗಿ ಮಗಳು. ಮಗಳಿಗಿಂತ ಹೆಚ್ಚು.”

ನಮಗೆ ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮಾತು ಆಡುವಾಗ ಅವಳು ಒಂದೇ ಒಂದು ಸಲ ಅವನ ಕಡೆ ನೋಡಿದಳು, ಒಲೆಯ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಅಡುಗೆಮನೆಗೆ ಇಣುಕಿ ನೋಡುವ ಹಾಗೆ. ಬಾವ್‌ಗೆನ್ ತಲೆಯಾಡಿಸಿದ. ಹೌದು, ನಮಗೆ ಮಗಳಿಲ್ಲ. ಈ ಕ್ಷಣವೇ ಅವಳು ಬಾಗಿಲಲ್ಲಿ ಬಂದು ನಿಂತಿದ್ದರೆ, ಗಾಜಿನ ಆಚೆಯಿಂದ ತಾನು ತಲೆಯಾಡಿಸಿದ್ದನ್ನು ನೋಡಿದ್ದರೆ ಎಂದು ಗಾಬರಿಯಿಂದ ಬಾಗಿಲ ಕಡೆ ಕಣ್ಣು ಹಾಯಿಸಿದ. ಯಾರೂ ಇರಲಿಲ್ಲ. ಇಲ್ಲದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಛೇ, ಎಂಥ ಮನುಷ್ಯ ನಾನು, ಎಂದುಕೊಂಡ.

“ಈಗಲೇ ಬೇಡ,” ಎಂದ ಬಡಿಸುವವಳಿಗೆ. “ಇನ್ನೂ ಸ್ವಲ್ಪ ಹೊತ್ತು ಹೋಗಲಿ. ಬಿಸಿ ಬಿಸಿ ತಿನಿಸು ಬರಲಿ, ಆಮೇಲೆ.”

“ಆಮೇಲೆ ಹೊಟ್ಟೆ ತುಂಬಿದ ಮೇಲೆ ಅರವತ್ತಾರು ತಿಂತೀಯಾ? ಯಾಕೆ, ಮುಹೂರ್ತ ನೋಡ್ತಿದ್ದೀಯಾ?” ಎಂದಳು ಫೆಂಗ್‌ದಿ.

ಕನ್ನಡಕದಂಗಡಿಯ ಕತ್ತಲೆ ಕೋಣೆಯಲ್ಲಿ ಅವನ ಮಗಳು ಪೇಹ್ವಾ ಅವನ ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜನ್ನು ಹಾಕಿ ತೆಗೆದು, “ಈಗ ಚೆನ್ನಾಗಿ ಕಾಣುತ್ತಾ, ಮೊದಲಿನದೇ ವಾಸಿನಾ?” ಎಂದು ಕೇಳಿದ್ದಳು. ಹಳೇ ಪಂಚಾಂಗದ ಹೊಸ ವರ್ಷಕ್ಕೆ ಆಗ ಇನ್ನೂ ಹತ್ತು ದಿನವಿತ್ತು. ಹಳೆಯ ಓಣಿಯ ನೆರೆಯವನೊಬ್ಬ, ಅವನ ಮೊದಲ ಹೆಂಡತಿ, ಪೇಹ್ವಾಳ ತಾಯಿ, ತೀರಿಕೊಂಡು ಮೂರು ವರ್ಷವಾಯಿತು, ಮಗಳು ಇಂಥ ಅಂಗಡಿಯಲ್ಲಿ ಕಣ್ಣು ನೋಡುವ ಕೆಲಸದಲ್ಲಿದ್ದಾಳೆ ಎಂದು ಹೇಳಿದ ಮೇಲೆ ಬಾವ್‌ಗೆನ್ ಆ ಅಂಗಡಿಯ ಮುಂದೆ ನಾಲ್ಕು ಸಲ ಓಡಾಡಿದ್ದ. ಐದನೇ ಸಲ ಒಳಗೆ ಹೋದ. ಅವಳ ಬಿಳಿ ಕೋಟಿನ ಮೇಲೆ ಷೆನ್ ಪೇಹ್ವಾ ಎಂದು ಬರೆದಿತ್ತು. ಷೆನ್ ಎಂಬ ಅವನ ಮನೆತನದ ಹೆಸರನ್ನು ಅವಳು ಇನ್ನೂ ಹೊತ್ತುಕೊಂಡೇ ಇದ್ದಳು. ಮುಖದಲ್ಲಿ ಯಾವುದು ಯಾರದ್ದು ಎಂದು ಹುಡುಕಿದ, ಸಿಗಲಿಲ್ಲ. ನಲವತ್ತರ ಹೆಂಗಸೊಬ್ಬಳ ದಣಿದ ಮುಖ, ಅಷ್ಟೆ. ಗುರುತಿನ ಕಾರ್ಡು ಕೊಡಿ, ಹಿರಿಯರಿಗೆ ರಿಯಾಯಿತಿ ಇದೆ ಎಂದಳು. ಕೊಟ್ಟ. ಅವಳು ಕಾರ್ಡನ್ನು ನೋಡಿದಳು. ಹೆಸರನ್ನು, ತಾರೀಖನ್ನು ಪುಸ್ತಕದಲ್ಲಿ ಬರೆದುಕೊಂಡಳು, ಬರೆಯುವುದಕ್ಕೆ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು ಎಂದು ಈಗಲೂ ಅವನು ಆಣೆ ಮಾಡಿ ಹೇಳಬಲ್ಲ. ಕಾರ್ಡು ವಾಪಸು ಕೊಟ್ಟು, ಗದ್ದ ಇಲ್ಲಿಡಿ, ಹಣೆ ಒತ್ತಿ ಹಿಡೀರಿ ಎಂದಳು. ಅವಳ ಉಸಿರು ಅವನ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದಿತ್ತು. ಆಗಲೇ ಅವನು, ಕಣ್ಣು ಮಿಟುಕಿಸದೆ, ಯಂತ್ರಕ್ಕೆ ಹೇಳುವ ಹಾಗೆ ಹೇಳಿದ್ದ: “ಈ ವರ್ಷ ನನಗೆ ಅರವತ್ತಾರು. ಹುಟ್ಟುಹಬ್ಬದ ಸಂಜೆ ಐದೂವರೆಗೆ ಸಣ್ಣ ಸೇತುವೆ ಹೋಟ್ಲಲ್ಲಿ ಊಟ ಇಟ್ಕೊಂಡಿದ್ದೀನಿ. ನಿನಗೆ ಜ್ಞಾಪಕ ಇರಬಹುದು, ಸಣ್ಣವಳಿದ್ದಾಗ ಅಲ್ಲಿ ವಾಂಟಾನ್ ಕಡುಬು ತಿನ್ನೋಕೆ ಹೋಗ್ತಿದ್ವಿ.” ಶಾಂಘೈಯಲ್ಲಿ ಹುಟ್ಟಿ ಬೆಳೆದ ಮಗಳಿಗೆ ಅರವತ್ತಾರು ಎಂದ ಮೇಲೆ ಇನ್ನೇನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಹೇಳಿದ್ದು ಒಂದೇ ಮಾತು: “ತಲೆ ಅಲ್ಲಾಡಿಸಬೇಡಿ.”

ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎನ್ನಲೂ ಇಲ್ಲ. ಕನ್ನಡಕ ತರಲು ಹೋದಾಗ ಅಂಗಡಿಯಲ್ಲಿ ಬೇರೊಬ್ಬಳಿದ್ದಳು. ಚೀಟಿಯ ಮೇಲೆ, ಏನಾದರೂ ತೊಂದರೆಯಾದರೆ ಫೋನ್ ಮಾಡಿ ಎಂದು ಪೇಹ್ವಾಳ ಕೈಬರಹದಲ್ಲಿ ನಂಬರಿತ್ತು. ತೊಂದರೆ ಏನೂ ಆಗಿರಲಿಲ್ಲ. ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಿದ್ದ. ಮಗ, ಮಾಲ್‌ನಲ್ಲಿ ಒಳ್ಳೆ ಹೋಟೆಲಿದೆ, ನದಿ ದಾಟಿ ಆ ಹಳೇ ಹಾಂಗ್‌ಕೌ ಬಡಾವಣೆಗೆ ಯಾಕೆ ಹೋಗಬೇಕು ಎಂದು ಎಷ್ಟು ಹೇಳಿದರೂ ಕೇಳದೆ, ಇಲ್ಲೇ ಆಗಬೇಕು ಎಂದು ಮಕ್ಕಳ ಹಾಗೆ ಹಟ ಹಿಡಿದಿದ್ದ.

“ಬೀನ್ಸ್ ತಣ್ಣಗಾಗ್ತಿದೆ, ತಿನ್ನಿ ಭಾವ,” ಎಂದು ನಾದಿನಿ ಗಾಜಿನ ತಿರುಗುಮಣೆಯನ್ನು ತಿರುಗಿಸಿ ಹಸಿ ಅವರೆಯಂಥ ದಪ್ಪ ಕಾಳಿನ ಪಲ್ಯವನ್ನು ಅವನೆದುರಿಗೆ ತಂದು ನಿಲ್ಲಿಸಿದಳು. ಎಳೆ ಈರುಳ್ಳಿ ಹಾಕಿ ಹುರಿದ ಈ ಋತುವಿನ ಹೊಸ ಕಾಳು. ಅವನು ಮನೆ ಬಿಟ್ಟ ದಿನ ಪೇಹ್ವಾ ಬಾಗಿಲ ಹೊಸ್ತಿಲಲ್ಲಿ ಕೂತು ಇದೇ ಕಾಳು ಬಿಡಿಸುತ್ತಿದ್ದಳು. ಒಂದನೇ ಕ್ಲಾಸು, ಎರಡು ಜಡೆ. ಕಾಳಿನ ಸಿಪ್ಪೆಯನ್ನು ಹರಿಯದೆ ಬಿಡಿಸಿ ಒಂದೊಂದು ಬೆರಳ ತುದಿಗೂ ಟೋಪಿಯ ಹಾಗೆ ತೊಡಿಸಿಕೊಂಡಿದ್ದಳು. “ಅಪ್ಪಾ, ನೋಡು, ಹತ್ತು ಜನ ಬಂದಿದ್ದಾರೆ.” ಅವನು ಕೈಯಲ್ಲಿ ಚೀಲ ಹಿಡಿದಿದ್ದ. ಓಣಿಯ ಕೊನೆಯಲ್ಲಿ ಫೆಂಗ್‌ದಿ ಸೈಕಲ್ಲು ಹಿಡಿದು ನಿಂತಿದ್ದಳು, ಹಸಿರು ಅಂಗಿ. ನೋಡಿದೆ ಎಂದು ಹೇಳಿದ್ದ, ನೋಡಿರಲಿಲ್ಲ. ನೋಡಿದ್ದರೆ ಹೋಗಲಾಗುತ್ತಿರಲಿಲ್ಲ ಎಂದು ಎಷ್ಟೋ ವರ್ಷ ತನಗೇ ತಾನು ದೊಡ್ಡ ದುಃಖಿಯ ಹಾಗೆ ಹೇಳಿಕೊಂಡಿದ್ದ. ಈಚೆಗೆ ಅದೂ ನಿಜವಲ್ಲ ಅನ್ನಿಸುತ್ತಿತ್ತು. ನೋಡಿದ್ದರೂ ಹೋಗುತ್ತಿದ್ದ. ಅವಸರದಲ್ಲಿದ್ದ, ಅಷ್ಟೆ. ಆಮೇಲೆ ಕಾನೂನು, ಕಾಗದ, ನದಿಯಾಚೆಯ ಪುಡಾಂಗ್‌ನಲ್ಲಿ ಹೊಸ ಮನೆ, ಜುನ್ ಹುಟ್ಟಿದ್ದು. ಜುನ್‌ಗೆ ಅಕ್ಕ ಒಬ್ಬಳಿದ್ದಾಳೆಂದು ಹೇಳುವುದು ಬೇಡ ಎಂದು ಫೆಂಗ್‌ದಿ ಒಂದು ಸಲ ಹೇಳಿದಳು, ಒಂದೇ ಸಲ. ಅಷ್ಟಕ್ಕೇ ಅವನು ಒಪ್ಪಿಕೊಂಡುಬಿಟ್ಟ. ಅವಳು ಎರಡನೇ ಸಲ ಹೇಳಬೇಕಾಗಿ ಬಂದಿದ್ದರೆ ಅಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು.

ಆರೂಕಾಲಾಯಿತು. ಬಿದಿರಿನ ಮೊಳಕೆ ಹಾಕಿದ ಉಪ್ಪುಮಾಂಸದ ಸೂಪು ಬಂತು. ಯುನ್‌ಯುನ್ ಮತ್ತೆ ಡಬ್ಬಿಯ ಕಡೆ ನೋಡಿದಳು, ಪಾಪ, ಕೇಳಲು ಸಂಕೋಚ ಅವಳಿಗೆ. ಜುನ್, “ಅಪ್ಪ, ತಿಂದ್ಬಿಡು, ವಿಡಿಯೋ ಮಾಡ್ಕೊತೀನಿ, ನಾಳೆ ಬೆಳಗ್ಗೆ ಆಫೀಸಿದೆ ನಂಗೆ,” ಎಂದ. ಫೆಂಗ್‌ದಿ ಬಡಿಸುವವಳನ್ನು ಕೂಗಿ ಡಬ್ಬಿಯನ್ನು ಕೊಟ್ಟೇಬಿಟ್ಟಳು. ಡಬ್ಬಿ ಬಾಗಿಲು ದಾಟಿ ಹೋಯಿತು. ಅದು ಬಿಸಿಯಾಗಿ ವಾಪಸು ಬರುವಷ್ಟರಲ್ಲಿ ಪೇಹ್ವಾ ಬರಬೇಕು, ಇಲ್ಲದಿದ್ದರೆ ಬಂದೂ ಪ್ರಯೋಜನವಿಲ್ಲ. ಎರಡು ಸಲ ತಿನ್ನುವ ಮಾಂಸವಲ್ಲ ಅದು.

“ಕಾಲು ಜೋಮು ಹಿಡಿದಿದೆ,” ಎಂದು ಎದ್ದ.

“ಬಚ್ಚಲು ಈ ಮಹಡೀಲೇ ಇದೆ,” ಎಂದಳು ಫೆಂಗ್‌ದಿ.

“ಕೆಳಗಡೇದು ಚೆನ್ನಾಗಿದೆ,” ಎಂದ. ಇಂಥ ಕೆಟ್ಟ ಸುಳ್ಳನ್ನು ಅವನು ಯಾವತ್ತೂ ಹೇಳಿರಲಿಲ್ಲ. ಷಡ್ಡಕ ಹೋ ಎಂದು ನಕ್ಕ.

ಕೆಳಗೆ ದುಡ್ಡು ಕಟ್ಟುವ ಗಲ್ಲೆಯ ಹಿಂದೆ ಲು ಅಕ್ಕ ಇದ್ದಳು. ಈ ಹೋಟೆಲು ಸರ್ಕಾರದ್ದಾಗಿದ್ದ ಕಾಲದಿಂದಲೂ ಇಲ್ಲಿರುವವಳು. ಆಗ ವಾಂಟಾನ್ ಕಟ್ಟುತ್ತಿದ್ದಳು, ಈಗ ಕನ್ನಡಕ ಹಾಕಿಕೊಂಡು ಕೋಣೆಗಳ ಪುಸ್ತಕ ಬರೆಯುತ್ತಾಳೆ. ಬಾಗಿಲ ಹತ್ತಿರ ಮೀನಿನ ತೊಟ್ಟಿ, ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲು. ಬಾವ್‌ಗೆನ್ ಬೀದಿಯ ಕಡೆ ಇಣುಕಿದ. ಇನ್ನೂ ಬೆಳಕಿತ್ತು. ಎದುರಿನ ಫುಟ್‌ಪಾತಿನಲ್ಲಿ ಜನ ಓಡಾಡುತ್ತಿದ್ದರು, ಯಾರೂ ಇತ್ತ ಬರುವವರ ಹಾಗಿರಲಿಲ್ಲ.

“ಅಯ್ಯೋ, ಷೆನ್ ಮೇಷ್ಟ್ರೇ!” ಎಂದಳು ಲು ಅಕ್ಕ. ಕಾರ್ಖಾನೆಯ ಕುಶಲಿಗರನ್ನು ಆ ಓಣಿಯಲ್ಲಿ ಹಾಗೆ ಕರೆಯುತ್ತಿದ್ದರು. “ಎಷ್ಟು ವರ್ಷ ಆಯ್ತು! ಮೇಲಿನ ಕೋಣೆ ನಿಮ್ಮದಾ? ಮಗನ ಹೆಸರಲ್ಲಿ ಹಿಡಿದಿದ್ರಿ, ನಂಗೆ ಗೊತ್ತೇ ಆಗಲಿಲ್ಲ. ಅದಿರಲಿ, ಹೋದ ತಿಂಗಳು ಎಲ್ಲಿ ಹೋಗಿದ್ರಿ ನೀವು?”

“ಹೋದ ತಿಂಗಳಾ?”

“ಮೂರನೇ ತಾರೀಖು, ಭಾನುವಾರ. ಒಬ್ಬಳು ಬಂದಿದ್ಳು, ನಿಮ್ಮ ಹೆಸರು ಹೇಳ್ಕೊಂಡು. ಷೆನ್ ಬಾವ್‌ಗೆನ್ ಅವರ ಊಟ ಯಾವ ಕೋಣೇಲಿ ಅಂತ. ಪುಸ್ತಕ ಪೂರ್ತಿ ನೋಡಿದೆ, ಇಲ್ಲ. ಇಲ್ಲಮ್ಮ ಅಂದೆ. ಇದೆ, ಅವರೇ ಹೇಳಿದ್ದು ಅಂದ್ಳು. ಆ ಸ್ಟೂಲ್ ಮೇಲೆ ಕೂತ್ಳು ನೋಡಿ, ಏಳೂಕಾಲರ ತನಕ ಅಲ್ಲಾಡಲಿಲ್ಲ. ಒಂದು ಲೋಟ ಬಿಸಿನೀರು ಕೊಟ್ಟೆ, ಅದನ್ನೂ ಕುಡೀಲಿಲ್ಲ.”

ಬಾವ್‌ಗೆನ್ ಆ ಸ್ಟೂಲಿನ ಕಡೆ ತಿರುಗಿದ. “ಅತ್ತಳಾ?” ಎಂದು ಕೇಳಿದ. ಯಾಕೆ ಅದನ್ನೇ ಕೇಳಿದನೋ.

“ಇಲ್ಲಪ್ಪ. ಅಳೋ ಪೈಕಿ ಅಲ್ಲ ಅವಳು. ಹೋಗುವಾಗ ಒಂದು ಡಬ್ಬಿ ಕೊಟ್ಟು, ಅವರು ಬಂದ್ರೆ ಕೊಡಿ ಅಂದ್ಳು. ಹೆಸರು ಹೇಳು ಅಂದ್ರೆ ಹೇಳಲಿಲ್ಲ. ನಿಮ್ಮ ಹಳೇ ನಂಬರಿಗೆ ಫೋನ್ ಮಾಡಿದೆ, ಯಾರೋ ಬೇರೆಯೋರು ಎತ್ತಿದ್ರು. ನಾಲ್ಕು ದಿನ ಫ್ರಿಜ್ಜಲ್ಲಿಟ್ಟೆ. ಆಮೇಲೆ ಯಜಮಾನ ಬೈದ, ಹೊರಗಿನ ಪದಾರ್ಥ ಇಡಬೇಡಿ ಅಂತ. ಪಾತ್ರೆ ತೊಳೆಯೋಳು ತಗೊಂಡೋಗಿ ಚೆಲ್ಲಿದ್ಳು. ಡಬ್ಬಿ ಹೊಸದು, ಎಸೆಯೋಕೆ ಮನಸ್ಸು ಬರಲಿಲ್ಲ, ತಿಕ್ಕಿ ಇಟ್ಟಿದ್ದೀನಿ.” ಬಗ್ಗಿ, ಗಲ್ಲೆಯ ಕೆಳಗಿನಿಂದ ನೀಲಿ ಮುಚ್ಚಳದ ಒಂದು ಡಬ್ಬಿಯನ್ನು ತೆಗೆದು ಅವನ ಮುಂದಿಟ್ಟಳು.

ಅವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾಗಲು ಏನೂ ಇರಲಿಲ್ಲ. ಕಾರ್ಡಿನಲ್ಲಿರುವುದು ಮಾರ್ಚಿ ಮೂರು. ಅವನು ಸಣ್ಣವನಿದ್ದಾಗ ಮನೆಮನೆಯ ಜನರನ್ನು ಬರೆದುಕೊಳ್ಳಲು ಬಂದ ಗುಮಾಸ್ತನಿಗೆ ಅವನ ತಾಯಿ ಹಳೇ ಪಂಚಾಂಗದ ಮೂರನೇ ತಿಂಗಳ ಮೂರನೇ ದಿನ ಎಂದು ಹೇಳಿದಳು, ಗುಮಾಸ್ತ ಅದನ್ನೇ ಹೊಸ ಕ್ಯಾಲೆಂಡರಿನ ಮೂರನೇ ತಿಂಗಳಿಗೆ ಹಾಕಿ ಬರೆದುಕೊಂಡು ಹೋದ. ಅವನ ವಾರಿಗೆಯ ಅರ್ಧ ಶಾಂಘೈನ ಕಾರ್ಡುಗಳಲ್ಲಿ ಇಂಥ ತಾರೀಖೇ ಇದೆ, ಯಾರೂ ತಿದ್ದಿಸುವ ಗೋಜಿಗೆ ಹೋಗಿಲ್ಲ. ಮನೆಯವರು ಪಂಚಾಂಗ ನೋಡಿ ಹಬ್ಬ ಮಾಡುತ್ತಾರೆ, ಈ ವರ್ಷ ಆ ದಿನ ಬಿದ್ದದ್ದು ಇವತ್ತು, ಮನೆಯವರಿಗೆ ಹೇಳಬೇಕಾಗುವುದಿಲ್ಲ. ಪೇಹ್ವಾ ಬರೆದುಕೊಂಡದ್ದು ಕಾರ್ಡಿನಿಂದ. ಅವಳಿಗೆ ಬೇರೆ ಎಲ್ಲ ಹೇಳಿದ್ದ, ಹೊತ್ತು ಹೇಳಿದ್ದ, ಜಾಗ ಹೇಳಿದ್ದ, ದಿನ ಮಾತ್ರ ಹೇಳಿರಲಿಲ್ಲ. ಮರೆತದ್ದಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದ. ಅವಳಿಗೆ ನೆನಪಿದೆಯೋ ಇಲ್ಲವೋ ನೋಡೋಣ ಎಂದು. ಅಪ್ಪನ ಹುಟ್ಟಿದ ದಿನ ಮಗಳಿಗೆ ತಾನಾಗಿ ನೆನಪಿರಬೇಕು ಎಂದು. ಅಯ್ಯೋ, ಪರೀಕ್ಷೆ ಇಟ್ಟಿದ್ದ ಅವಳಿಗೆ! ಇವನು ಅವಳಿಗೆ! ಆ ಮಾರ್ಚಿ ಮೂರರ ಸಂಜೆ ತಾನೇನು ಮಾಡುತ್ತಿದ್ದೆ ಎಂದು ಜ್ಞಾಪಿಸಿಕೊಳ್ಳಲು ನೋಡಿದ. ಸೋರುತ್ತಿದ್ದ ನಲ್ಲಿಗೆ ಹೊಸ ವಾಷರು ಹಾಕಿದ್ದಿರಬಹುದು. ಟಿವಿ ನೋಡಿದ್ದಿರಬಹುದು. ಉಳಿದ ಅನ್ನಕ್ಕೆ ಬಿಸಿನೀರು ಹಾಕಿಕೊಂಡು ಉಂಡು, ಬೇಗ ಮಲಗಿದ್ದಿರಬಹುದು. ಸುಖವಾಗಿದ್ದ.

“ಸಂಬಂಧಿಕರಾ?” ಎಂದಳು ಲು ಅಕ್ಕ.

“ಅಪ್ಪಾ!” ಜುನ್ ಮೆಟ್ಟಿಲ ಮೇಲಿಂದ ಬಗ್ಗಿ ಕೂಗಿದ. “ಮಾಂಸ ಬಿಸಿ ಮಾಡಿ ತಂದಿದ್ದಾರೆ, ಅಮ್ಮ ಕರೀತಿದ್ದಾಳೆ.”

ಡಬ್ಬಿಯನ್ನು ಗಲ್ಲೆಯ ಮೇಲೆಯೇ ಬಿಟ್ಟು ಅವನು ಹತ್ತಿದ.

ಮೇಜಿನ ಮೇಲೆ ನೀಲಿ ಬಣ್ಣದ ಬಟ್ಟಲಲ್ಲಿ ಮಾಂಸ ಹೊಳೆಯುತ್ತಿತ್ತು. ಹುಣಸೆಬೀಜದಷ್ಟು ಚಿಕ್ಕ ಚಿಕ್ಕ ತುಂಡುಗಳು, ಒಂದಕ್ಕೊಂದು ಅಂಟಿಕೊಂಡು. ಪಕ್ಕದಲ್ಲಿ ಒಂದು ಹಿಡಿ ಅನ್ನ, ಹೊಸ ಚಾಪ್‌ಸ್ಟಿಕ್ಕು. ಯುನ್‌ಯುನ್ ಎದ್ದು ನಿಂತು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೊಟ್ಟಳು. “ದೊಡ್ಡಪ್ಪ, ನೂರು ವರ್ಷ ಬಾಳಬೇಕು ನೀವು,” ಎಂದಳು, ನಿಜವಾಗಿಯೂ ಹಾಗೇ ಬಯಸಿ. ಪಟ್ಟಿ ಸುತ್ತಿದ ಬೆರಳು ಅವನ ಬೆರಳಿಗೆ ತಾಗಿತು. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾರೆ; ಹೇಳಬೇಕಾಗುತ್ತದೆ. ಒಂದು ತುಂಡು ಬಾಯಿಗಿಟ್ಟ. “ಒಂದು!” ಎಂದ ಷಡ್ಡಕ. ಜುನ್ ಫೋನು ಎತ್ತಿ ಹಿಡಿದ. “ಎರಡು! ಮೂರು!” ನಾದಿನಿ ಚಪ್ಪಾಳೆ ತಟ್ಟಿದಳು. ರುಚಿ ಚೆನ್ನಾಗಿತ್ತು, ಅದೇ ಅವನಿಗೆ ಕಷ್ಟವಾದದ್ದು. ಕೆಟ್ಟದಾಗಿದ್ದರೆ ಯಾರ ಮೇಲಾದರೂ ಸಿಟ್ಟು ಬರುತ್ತಿತ್ತು. ಇಪ್ಪತ್ತರ ತನಕ ಎಲ್ಲರೂ ಎಣಿಸಿದರು. ಮೂವತ್ತಕ್ಕೆ ಷಡ್ಡಕ ಮದ್ಯದ ಕಡೆ ತಿರುಗಿದ, ಎಣಿಕೆ ಯುನ್‌ಯುನ್ ಒಬ್ಬಳದೇ ಆಯಿತು. ನಲವತ್ತರ ಹೊತ್ತಿಗೆ ಕೊಬ್ಬು ಗಂಟಲಿಗೆ ಹಿಡಿದು ಓಕರಿಕೆ ಬಂದಂತಾಯಿತು. ಫೆಂಗ್‌ದಿ ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಸವರಿದಳು. ಯಾರಿಗೂ ಕೇಳದ ಹಾಗೆ, “ಕೆಳಗೆ ಯಾರಿದ್ರು?” ಎಂದಳು.

“ಯಾರೂ ಇಲ್ಲ. ಲು ಅಕ್ಕ.”

“ಹೂಂ,” ಎಂದಳು. ಸ್ವಲ್ಪ ಹೊತ್ತು ಕೈ ಹಾಗೇ ಇತ್ತು. “ತಿನ್ನು. ಇಷ್ಟು ತಿಂದಿದ್ದೀಯ, ಇನ್ನೇನು ಮುಗೀತು.”

ಆ ಕೈ ಕೆಟ್ಟ ಕೈಯಲ್ಲ. ಮೂವತ್ತಮೂರು ವರ್ಷ ಅವನ ಜ್ವರಕ್ಕೆ, ಕೆಮ್ಮಿಗೆ ಬಂದ ಕೈ. ಅವಳಿಗೆ ಗೊತ್ತಿದೆಯೋ ಏನೋ, ಕುರ್ಚಿ ನೋಡಿದಾಗಲೇ ಗೊತ್ತಾಗಿತ್ತೋ ಏನೋ. ಕೇಳುವಂತಿರಲಿಲ್ಲ. ಅವನು ತಿಂದ. ಐವತ್ತು. ಐವತ್ತೊಂದು. ಸ್ಟೂಲಿನ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿರಬೇಕು. ಅವನ ಹಾಗೆಯೇ. ಒಂದೇ ಹೋಟೆಲಿನ ಬಾಗಿಲುಗಳನ್ನು ಇಬ್ಬರೂ ಕಾದರು, ಒಂದು ತಿಂಗಳು ನಾಲ್ಕು ದಿನದ ಅಂತರದಲ್ಲಿ. “ಅರವತ್ತೈದು, ಅರವತ್ತಾರು!” ಎಂದು ಯುನ್‌ಯುನ್ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಕೋಣೆಯವರು ಯಾರೋ ಬಾಗಿಲು ತೆರೆದು, ಶುಭವಾಗಲಿ ಅಜ್ಜ ಎಂದು ಹೇಳಿ ಹೋದರು. “ಗೆದ್ದೆ ಅಣ್ಣ, ಯಮರಾಯ ಇನ್ನು ನಿನ್ನ ಓಣಿಗೂ ಬರಲ್ಲ,” ಎಂದು ಷಡ್ಡಕ ಅವನ ಬಟ್ಟಲು ತುಂಬಿಸಿದ. ಬಾವ್‌ಗೆನ್ ಒಂದೇ ಗುಟುಕಿಗೆ ಕುಡಿದ. ಮತ್ತೊಂದು ಬಟ್ಟಲು ಕೇಳಿ ಅದನ್ನೂ ಕುಡಿದ. ಇನ್ನು ದೀರ್ಘಾಯುಸ್ಸಿನ ನೂಡಲ್ಸು ಬರಬೇಕು, ಅದು ಬರುವಷ್ಟರಲ್ಲಿ ಕೈ ತೊಳೆದು ಬರುತ್ತೇನೆ ಎಂದು ಹೊರಟ. ಈ ಸಲ ಬಚ್ಚಲು ಎಲ್ಲಿದೆ ಎಂದು ಯಾರೂ ಹೇಳಲಿಲ್ಲ.

ಮೀನಿನ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಪರ್ಸಿನಿಂದ ಚೀಟಿ ತೆಗೆದ. ನಾಲ್ಕು ಸಲ ರಿಂಗಾಯಿತು.

“ಹಲೋ, ಯಾರು?”

“ನಾನು. ಷೆನ್... ಹೊಸ ವರ್ಷಕ್ಕೆ ಮುಂಚೆ ಕಣ್ಣು ತೋರಿಸ್ಕೊಂಡು ಹೋಗಿದ್ದೆ.” ಅಪ್ಪ ಎನ್ನುವ ಮಾತು ಬಾಯಿಗೆ ಬರಲಿಲ್ಲ.

ಅತ್ತ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. “ಗೊತ್ತಾಯ್ತು. ಹೇಳಿ. ಕನ್ನಡಕ ಬಿಗಿಯಾಗ್ತಿದೆಯಾ?”

“ಇಲ್ಲ, ಇಲ್ಲ. ಅದು ಸರಿಯಾಗಿದೆ. ನಾನು... ಇವತ್ತು ನನ್ನ ಹುಟ್ಟುಹಬ್ಬ. ಕಾರ್ಡಲ್ಲಿರೋದು ತಪ್ಪು ತಾರೀಖು. ಅದು ಹಳೇ ಪಂಚಾಂಗದ್ದು, ಆಗ ಬರೆದುಕೊಳ್ಳೋನು...”

“ಓ.” ಎಂದಳು ಅವಳು. “ಅಮ್ಮ ಇದ್ದಿದ್ರೆ ಹೇಳಿರೋಳು. ನನಗೆ ಹೇಗೆ ಗೊತ್ತಾಗ್ಬೇಕು?”

“ನಾನು ಹೇಳಬೇಕಿತ್ತು. ತಪ್ಪು ನನ್ನದು. ನೀನು ಬಂದಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ, ಆಣೆಗೂ.”

“ಬೇಕೂಂತ ಕೂರಿಸಿದ್ರಿ ಅಂದ್ಕೊಂಡಿದ್ದೆ. ಆಮೇಲೆ ನಿಮಗೆ ಮರೆತೇಹೋಗಿರಬೇಕು ಅಂದ್ಕೊಂಡೆ.” ಸಿಟ್ಟೇನೂ ಇರಲಿಲ್ಲ ಧ್ವನಿಯಲ್ಲಿ. ಕನ್ನಡಕದಂಗಡಿಯಲ್ಲಿ ಮಾತಾಡಿದ ಹಾಗೆಯೇ ಮಾತಾಡುತ್ತಿದ್ದಳು. “ಡಬ್ಬಿ ಕೊಟ್ರಾ ಅವರು?”

“ಕೊಟ್ಟರು.”

“ಹೌದಾ!” ಮೊದಲ ಸಲ ಅವಳ ಧ್ವನಿ ಒಂದಿಷ್ಟು ಮೇಲಕ್ಕೆದ್ದಿತು. ಎಂಥ ಸಣ್ಣ ಮಕ್ಕಳ ಧ್ವನಿ ಅದು. “ತಿಂದ್ರಾ?”

ಚೆಲ್ಲಿದರು ಎಂದು ಹೇಗೆ ಹೇಳುವುದು? ಪಾತ್ರೆ ತೊಳೆಯುವವಳು ಎಂಜಲಿನ ಜೊತೆ ಚೆಲ್ಲಿದಳು ಎಂದು? ಇಷ್ಟು ವರ್ಷದಲ್ಲಿ ಅವಳಿಗೆ ಏನೂ ಕೊಟ್ಟವನಲ್ಲ, ಇದೊಂದನ್ನಾದರೂ ಕೊಡೋಣ ಅನ್ನಿಸಿತು. “ತಿಂದೆ ಮಗಳೇ, ತಿಂದೆ,” ಎಂದ. “ಐಸ್ ಪೆಟ್ಟಿಗೇಲಿ ಇಟ್ಟಿದ್ರಂತೆ, ಇವತ್ತು ಬಿಸಿ ಮಾಡಿ ಕೊಟ್ಟರು. ಯಾರಿಗೂ ಕೊಡಲಿಲ್ಲ, ಒಂದೊಂದೇ ಎಣಿಸ್ಕೊಂಡು ಅರವತ್ತಾರೂ ತಿಂದೆ. ನಿನ್ನಮ್ಮ ಮಾಡಿದ ಹಾಗೇ ಇತ್ತು.”

ಅವಳು ಉಸಿರಾಡುವುದು ಕೇಳಿಸುತ್ತಿತ್ತು. ತೊಟ್ಟಿಯಲ್ಲಿ ಗಾಳಿಯ ಪಂಪು ಗುಳುಗುಳು ಎನ್ನುತ್ತಿತ್ತು.

“ಅದರಲ್ಲಿ ಏಳೇ ಇದ್ದಿದ್ದು,” ಎಂದಳು ಪೇಹ್ವಾ.

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ನೀವು ನಮ್ಮ ಜೊತೆ ಏಳು ವರ್ಷ ಇದ್ರಲ್ಲ, ಅಷ್ಟಕ್ಕೆ ಏಳು. ದೊಡ್ಡ ದೊಡ್ಡದಾಗೇ ಹೆಚ್ಚಿದ್ದೆ. ಮಿಕ್ಕಿದ್ದಕ್ಕೆ ಕೈ ಏಳಲಿಲ್ಲ. ಬಂದು ನಿಮ್ಮ ಮುಂದೇನೇ ಹೇಳಬೇಕು ಅಂತಿದ್ದೆ, ಮಿಕ್ಕಿದ್ದು ಆಮೇಲೆ ನೋಡೋಣ ಅಂತ.” ಮತ್ತೆ ಪಾತ್ರೆಯ ಸದ್ದಾಯಿತು. “ಇರಲಿ ಬಿಡಿ. ಒಳಗೆ ಹೋಗಿ, ನಿಮ್ಮೋರು ಕಾಯ್ತಿರ್ತಾರೆ.”

ಫೋನು ಇಟ್ಟಳು. ಅವನು ಮತ್ತೆ ಅದೇ ನಂಬರು ಒತ್ತಿದ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಂದು ಸಲ ಒತ್ತುವಷ್ಟರಲ್ಲಿ ಭುಜದ ಮೇಲೆ ಕೈಯೊಂದು ಬಿತ್ತು.

“ಇಲ್ಲಿ ಕೂತಿದ್ದೀಯಾ? ನೂಡಲ್ಸ್ ಮುದ್ದೆ ಆಗ್ತಿದೆ ಅಲ್ಲಿ,” ಎಂದ ಜುನ್. “ಯಾರಪ್ಪ ಫೋನಲ್ಲಿ?”

“ನನ್ನ ಮಗಳು,” ಎಂದ ಬಾವ್‌ಗೆನ್.

“ಯಾರು?”

“ನನ್ನ ಮಗಳು. ಪೇಹ್ವಾ. ನಿನಗೆ ಅಕ್ಕ ಆಗಬೇಕು. ನನಗೊಬ್ಬಳು ಮಗಳಿದ್ದಾಳೆ ಕಣೋ.” ಜೋರಾಗಿಯೇ ಹೇಳಿದ, ಗಲ್ಲೆಯಲ್ಲಿ ಲು ಅಕ್ಕ ತಲೆಯೆತ್ತಿ ನೋಡಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಜುನ್ ಬಗ್ಗಿ ಅಪ್ಪನ ಮುಖ ನೋಡಿದ, ಬಾಯಿಯ ವಾಸನೆ ನೋಡಿದ, ಪಕಪಕ ನಕ್ಕ. “ಆಯ್ತು, ಇದ್ದಾಳೆ, ಒಬ್ಬಳಲ್ಲ ಇಬ್ಬರಿದ್ದಾರೆ. ಚಿಕ್ಕಪ್ಪನಿಗೆ ಹೇಳಿದ್ದೆ ನಾನು, ನಿನಗೆ ಅಷ್ಟು ಕುಡಿಸಬೇಡ ಅಂತ,” ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದ. “ನಿಧಾನ, ಇಲ್ಲಿ ಮೆಟ್ಟಿಲಿದೆ. ಕಾಲೆತ್ತು. ಹಾಂ, ಇನ್ನೊಂದು.”